ವೆಬ್‌ಸೈಟಿನ ಹೆಸರು ಯಾರ ಹೆಸರಿನಲ್ಲಿದೆ?



ನಮ್ಮ ಶಾಲೆಗೆ ಒಂದು ವೆಬ್‌ಸೈಟ್ ಮಾಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಿದ್ದಾರೆ. ಯಾವ ಬಣ್ಣ, ಯಾರ ಫೋಟೋ ಅಂತ ಚರ್ಚೆ ನಡೆದಿದೆ. ಹೆಸರಿನ ವಿಚಾರ ಮಾತ್ರ ಯಾರೂ ಎತ್ತಿಲ್ಲ. ಆದ್ದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ವೆಬ್‌ಸೈಟು ಇರುವ ಕಂಪ್ಯೂಟರಿಗೆ ಇಂಟರ್ನೆಟ್ಟಿನಲ್ಲಿ ಒಂದು ನಂಬರು ಇರುತ್ತದೆ. ಅಷ್ಟುದ್ದದ ನಂಬರನ್ನು ಯಾರು ನೆನಪಿಡುತ್ತಾರೆ? ಅದಕ್ಕೆ ಹೆಸರು ಬೇಕು. ಈ ಹೆಸರಿಗೇ ಡೊಮೇನ್ ಹೆಸರು ಅನ್ನುವುದು. ಮೊದಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಎಲ್ಲ ಹೆಸರು-ನಂಬರುಗಳನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತಿದ್ದರು, ನಮ್ಮ ಹಾಜರಿ ಪುಸ್ತಕದ ಹಾಗೆ. ಕಂಪ್ಯೂಟರುಗಳು ಹೆಚ್ಚಾದಂತೆ ಆ ಪಟ್ಟಿ ಸಾಲದೆ ಹೋಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಪಟ್ಟಿಯನ್ನು ಬೇರೆ ಬೇರೆಯವರಿಗೆ ಹಂಚಿಕೊಡುವ ಏರ್ಪಾಡು ಮಾಡಿದರು. ಈಗಲೂ ನಡೆಯುತ್ತಿರುವುದು ಅದೇ. ಡಾಟ್ ಕಾಂನಲ್ಲಿ ಮೊಟ್ಟಮೊದಲು ನೋಂದಣಿಯಾದ ಹೆಸರು ಸಿಂಬಾಲಿಕ್ಸ್ ಡಾಟ್ ಕಾಂ, 1985ರ ಮಾರ್ಚ್ 15ರಂದು.

ಡೊಮೇನ್ ಹೆಸರನ್ನು ಅಂಚೆ ವಿಳಾಸದ ಹಾಗೆ ಓದಬೇಕು. ವಿಳಾಸದಲ್ಲಿ ಮನೆ, ಊರು, ತಾಲ್ಲೂಕು, ಜಿಲ್ಲೆ ಅಂತ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವಲ್ಲ, ಇಲ್ಲಿಯೂ ಕೊನೆಯ ಚುಕ್ಕೆಯ ಆಚೆ ಇರುವುದೇ ದೊಡ್ಡದು. ಡಾಟ್ ಇನ್ ಅಂದರೆ ಭಾರತದ್ದು. ಅದನ್ನು ನೋಡಿಕೊಳ್ಳುವವರು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. 2005ರಿಂದ ಡಾಟ್ ಇನ್ ಹೆಸರನ್ನು ಯಾರು ಬೇಕಾದರೂ ಪಡೆಯಬಹುದು. ಆದರೆ ಡಾಟ್ ಗವ್ ಡಾಟ್ ಇನ್ ಸರ್ಕಾರಕ್ಕೆ ಮಾತ್ರ. ಡಾಟ್ ಎಸಿ ಡಾಟ್ ಇನ್ ವಿದ್ಯಾಸಂಸ್ಥೆಗಳಿಗೆ ಮಾತ್ರ, ಅದನ್ನು ಅರ್ನೆಟ್ ಇಂಡಿಯಾ ದಾಖಲೆ ನೋಡಿ ಕೊಡುತ್ತದೆ.

ಇನ್ನು ಹೆಸರು ಆರಿಸುವುದು. ನಿಯಮಗಳು ಕಡಿಮೆ. ಇಂಗ್ಲಿಷಿನ ಅಕ್ಷರ, ಅಂಕಿ ಮತ್ತು ನಡುವೆ ಬೇಕಾದರೆ ಅಡ್ಡಗೆರೆ. ಗೆರೆ ಮೊದಲಲ್ಲೂ ಬರಬಾರದು, ಕೊನೆಯಲ್ಲೂ ಬರಬಾರದು. ಎರಡು ಚುಕ್ಕೆಗಳ ನಡುವೆ 63 ಅಕ್ಷರ ಮೀರಬಾರದು. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. 1996ರಲ್ಲಿ ಹಾಟ್‌ಮೇಲ್ ಶುರುಮಾಡಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ. ಆ ಹೆಸರಿನಲ್ಲಿ ಎಚ್, ಟಿ, ಎಂ, ಎಲ್ ಅಕ್ಷರಗಳು ಬರುತ್ತವೆ. ವೆಬ್ ಪುಟ ಬರೆಯುವ ಭಾಷೆಯ ಹೆಸರೂ ಎಚ್‌ಟಿಎಂಎಲ್! ಹೆಸರು ಚಿಕ್ಕದು, ಬಾಯಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳಬಹುದು. ನನಗೆ ಮೆಚ್ಚುಗೆಯಾದದ್ದು ಇದೇ.

ನಮಗೆ ತೊಡಕಾಗುವುದು ಅಲ್ಲೇ ನೋಡಿ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಲ ಮತ್ತು ಳ ಎರಡಕ್ಕೂ ಒಂದೇ ಎಲ್. ದೀರ್ಘಕ್ಕೆ ಒಬ್ಬರು ಎರಡು ಎ ಹಾಕಿದರೆ ಇನ್ನೊಬ್ಬರು ಒಂದೇ ಹಾಕುತ್ತಾರೆ. ಹಪ್ಪಳವನ್ನು ಅಪ್ಪಳ ಅನ್ನುವವರ ಗತಿ ಏನು? ಸರ್ಕಾರವೇ ಸ್ಪೆಲಿಂಗ್ ಬದಲಾಯಿಸುವುದೂ ಉಂಟು. 2014ರ ನವೆಂಬರ್ 1ರಂದು ಬೆಂಗಳೂರು, ಶಿವಮೊಗ್ಗ ಮುಂತಾದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಆದ್ದರಿಂದ ಹೆಸರು ಗೊತ್ತು ಮಾಡುವ ಮೊದಲು ಹತ್ತು ಜನರ ಮುಂದೆ ಬಾಯಲ್ಲಿ ಹೇಳಿ, ಚೀಟಿಯಲ್ಲಿ ಬರೆಸಿ ನೋಡಬೇಕು. ಹೆಚ್ಚು ಜನ ಬರೆದದ್ದೇ ನಮ್ಮ ಸ್ಪೆಲಿಂಗ್.

ಪೂರ್ತಿ ಕನ್ನಡ ಅಕ್ಷರದಲ್ಲೇ ಹೆಸರು ಇಡಬಹುದು. ಕೊನೆಯಲ್ಲಿ ಡಾಟ್ ಭಾರತ ಎಂದು ಕನ್ನಡದಲ್ಲೇ ಬರುತ್ತದೆ. ಒಳಗೆ ಕಂಪ್ಯೂಟರು ಅದನ್ನು ಎಕ್ಸ್ ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸಿಕೊಳ್ಳುತ್ತದೆ. ನನಗಂತೂ ಇದು ಬಲು ಇಷ್ಟ. ಆದರೆ ಮೊಬೈಲಿನಲ್ಲಿ ಕನ್ನಡ ಬೆರಳಚ್ಚು ಮಾಡಲು ಬಾರದವರಿಗೆ ಕಷ್ಟ. ಹಣ ಇದ್ದರೆ ಎರಡನ್ನೂ ತಗೋಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಸರು ಕೊಂಡೆವು ಅಂತ ಜನ ಹೇಳುತ್ತಾರೆ. ನಿಜವಾಗಿ ಅದು ಗುತ್ತಿಗೆ. ಜಾತ್ರೆಯಲ್ಲಿ ಅಂಗಡಿ ಜಾಗ ಹಿಡಿದಂತೆ. ಒಂದು ವರ್ಷದಿಂದ ಹತ್ತು ವರ್ಷದ ತನಕ ಹಣ ಕಟ್ಟಬಹುದು. ಅವಧಿ ಮುಗಿದ ಮೇಲೆ ಮತ್ತೆ ಕಟ್ಟಬೇಕು. ಹಣ ಕಟ್ಟಿಸಿಕೊಂಡು ನೋಂದಣಿ ಮಾಡಿಕೊಡುವವರಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಹೊಲಕ್ಕೆ ಪಹಣಿ ಇದ್ದ ಹಾಗೆ ಹೆಸರಿಗೂ ಒಂದು ದಾಖಲೆ ಇದೆ. ಅದರಲ್ಲಿ ಯಾರ ಹೆಸರು ಇದೆಯೋ ಅವರೇ ಹಕ್ಕುದಾರರು. ಉತ್ತವರು ಯಾರು, ಬಿತ್ತವರು ಯಾರು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಚಿಕ್ಕಮ್ಮ ಇರುವ ಸ್ತ್ರೀಶಕ್ತಿ ಸಂಘದವರು ಹಪ್ಪಳ, ಸಂಡಿಗೆ ಮಾರುತ್ತಾರೆ. ಪೇಟೆಯ ಒಬ್ಬ ಕಂಪ್ಯೂಟರ್ ಅಂಗಡಿಯವರಿಗೆ ಹಣ ಕೊಟ್ಟು ವೆಬ್‌ಸೈಟ್ ಮಾಡಿಸಿದರು. ಅಂಗಡಿಯವರು ಹೆಸರನ್ನು ತಮ್ಮ ಹೆಸರಲ್ಲೇ, ತಮ್ಮ ಇ-ಮೇಲಿನಲ್ಲೇ ನೋಂದಾಯಿಸಿದ್ದರು. ಎರಡು ವರ್ಷದ ಮೇಲೆ ಅಂಗಡಿ ಮುಚ್ಚಿತು, ಫೋನೂ ಹತ್ತಲಿಲ್ಲ. ಹಣ ಕಟ್ಟಿ ಎಂಬ ಸೂಚನೆ ಆ ಇ-ಮೇಲಿಗೇ ಹೋಗಿರಬೇಕು, ಸಂಘಕ್ಕೆ ಗೊತ್ತೇ ಆಗಲಿಲ್ಲ. ಹೆಸರು ಬೇರೆಯವರ ಪಾಲಾಯಿತು. ಈಗ ಅದನ್ನು ತೆರೆದರೆ ಇಸ್ಪೀಟಿನ ಜಾಹೀರಾತು ಬರುತ್ತದೆ! ಆ ಹೆಸರು ಅಚ್ಚಾದ ಖಾಲಿ ಪ್ಯಾಕೆಟ್ಟುಗಳು ಇನ್ನೂ ಎರಡು ಚೀಲ ಉಳಿದಿವೆ. ಚಿಕ್ಕಮ್ಮನವರು ಹೆಸರಿನ ಮೇಲೆ ಕಾಗದ ಅಂಟಿಸಿ ಮಾರುತ್ತಿದ್ದಾರೆ.

ಹಳ್ಳಿಯವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಪಾಸ್‌ಪೋರ್ಟ್ ಡಾಟ್ ಕಾಂ ಎಂಬ ಹೆಸರಿಗೆ 35 ಡಾಲರ್ ಕಟ್ಟುವುದನ್ನು ಮರೆತರು. ಅಷ್ಟರಲ್ಲಿ ಹಾಟ್‌ಮೇಲ್ ಅವರ ಕೈಗೆ ಬಂದಿತ್ತು, ಅದರ ಬಾಗಿಲು ತೆರೆಯುವುದೇ ಈ ಹೆಸರಿನ ಮೂಲಕ. ಜನರಿಗೆ ತಮ್ಮ ಪತ್ರ ಓದಲಾಗಲಿಲ್ಲ. ಕೊನೆಗೆ ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಕ್ರಿಸ್‌ಮಸ್ ದಿನ ತನ್ನ ಕೈಯಿಂದಲೇ ಹಣ ಕಟ್ಟಿದ. ಚಿಕ್ಕಮ್ಮನ ಸಂಘಕ್ಕೆ ಅಂಥವನು ಸಿಗಲಿಲ್ಲ, ಅಷ್ಟೇ.

ಅವಧಿ ಮುಗಿದ ಕ್ಷಣಕ್ಕೇ ಹೆಸರು ಹೋಗಿಬಿಡುವುದಿಲ್ಲ. ಡಾಟ್ ಕಾಂ ಹೆಸರಾದರೆ ರಿಜಿಸ್ಟ್ರಾರ್ ಅದನ್ನು ತೆಗೆದುಹಾಕಿದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಆಗ ದಂಡ ಜಾಸ್ತಿ. ಆಮೇಲೆ ಐದು ದಿನ ಕಳೆದರೆ ಯಾರು ಬೇಕಾದರೂ ಹಿಡಿಯಬಹುದು. ಇನ್ನೊಂದು ಮಾತು. ಡಾಟ್ ಕಾಂ ನೋಂದಣಿಯಾದ ಮೇಲೆ ಇ-ಮೇಲ್ ಖಾತ್ರಿ ಮಾಡಿ ಎಂದು ಒಂದು ಪತ್ರ ಬರುತ್ತದೆ. 15 ದಿನದೊಳಗೆ ಖಾತ್ರಿ ಮಾಡದಿದ್ದರೆ ಹೆಸರು ನಿಂತುಹೋಗಬಹುದು. ಮೊದಲ ವರ್ಷದ ದರ ಅಗ್ಗ ಅಂತ ಮರುಳಾಗದೆ ಎರಡನೇ ವರ್ಷದ ದರವನ್ನೂ ಕೇಳಿಕೊಳ್ಳಿ.

ನಮ್ಮ ಶಾಲೆಯ ಹೆಸರನ್ನು ಯಾರೋ ಒಬ್ಬ ಅಣ್ಣನ ಹೆಸರಲ್ಲಿ ಮಾಡಿಸುವುದು ಬೇಡ, ಅವರು ಎಷ್ಟೇ ಒಳ್ಳೆಯವರಿರಲಿ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುತ್ತಾರೆ, ಅವರ ಸ್ವಂತ ಇ-ಮೇಲೂ ಬೇಡ. ಶಾಲೆಗೇ ಒಂದು ಇ-ಮೇಲ್ ಇರಲಿ, ನೋಂದಣಿ ಶಾಲೆಯ ಹೆಸರಿನಲ್ಲೇ ಆಗಲಿ. ಪಾಸ್‌ವರ್ಡು ಲಕೋಟೆಯಲ್ಲಿ ಆಫೀಸಿನ ಬೀರುವಿನೊಳಗೆ ಇರಲಿ. ಹಣ ಕಟ್ಟುವ ತಾರೀಕನ್ನು ಪ್ರತಿ ವರ್ಷ ಆಫೀಸಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚೆಯೇ ಕೆಂಪು ಶಾಯಿಯಲ್ಲಿ ಗುರುತು ಮಾಡಬೇಕು.

ಸ್ಪೆಲಿಂಗ್ ಪರೀಕ್ಷೆಯನ್ನು ಇಲ್ಲಿಂದಲೇ ಶುರು ಮಾಡೋಣ. ನಮ್ಮೂರಿನ ಹೆಸರನ್ನು ನೀವು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರೋ ಹಾಗೆ ಚೀಟಿಯಲ್ಲಿ ಬರೆದು, ಈ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಶನಿವಾರದೊಳಗೆ ಹಾಕಿ. ಪಕ್ಕದವರದ್ದು ನೋಡಿ ಬರೆಯಬೇಡಿ.