ಪವರ್ ಸೀಟು ಕೆಟ್ಟರೆ: ಮಾಡಬೇಕಾದ್ದು, ಮಾಡಬಾರದ್ದು

ಧರ್ಮಪುರಿ, ಸೇಲಂ ಜಿಲ್ಲೆಗಳ ಕನ್ನಡ ಬಲ್ಲ ಕಾರ್ ಎಲೆಕ್ಟ್ರಿಷಿಯನ್‌ಗಳಿಗೆ, ಕೆಲಸ ಕಲಿಯುತ್ತಿರುವ ಹುಡುಗರಿಗೆ, ಕಾರಿನವರಿಗೂ.

ಗುಂಡಿ ಒತ್ತಿದರೆ ಸೀಟು ಅಲ್ಲಾಡುತ್ತಿಲ್ಲ ಎಂದು ಗಾಡಿ ಬಂದ ಕೂಡಲೇ ಹೊಸ ಮೋಟಾರಿಗೆ ಹೇಳಿಬಿಡುವ ಚಾಳಿ ಬಿಡಿ. ಮೋಟಾರನ್ನು ಅನುಮಾನಿಸುವುದು ಕಟ್ಟಕಡೆಗೆ. ಅದಕ್ಕೂ ಮುಂಚೆ ಫ್ಯೂಸು, ಅರ್ಥ್, ಕಪ್ಲರ್, ಸ್ವಿಚ್ಚು ಎಲ್ಲ ನೋಡಿ ಮುಗಿದಿರಬೇಕು.

ಓಡಿಸುವವರಿಗೆ

ಗಾಡಿ ಓಡುತ್ತಿರುವಾಗ ಚಾಲಕನ ಸೀಟಿನ ಗುಂಡಿ ಮುಟ್ಟಬೇಡಿ. ಧರ್ಮಪುರಿ ಕಡೆಯಿಂದ ಸೇಲಂಗೆ ಇಳಿಯುವ ತೊಪ್ಪೂರು ಘಾಟಿಯಲ್ಲಂತೂ ಕೂಡದೇ ಕೂಡದು. 44ನೇ ಹೆದ್ದಾರಿಯ ಆ ಇಳಿಜಾರಿನಲ್ಲಿ ಆಗಿರುವ ಅಪಘಾತಗಳೇ ಸಾಕು. ಸೀಟು ಹಿಂದೆ ಹೋಗಿ ಸಿಕ್ಕಿಕೊಂಡಿದ್ದರೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಬರಬೇಡಿ. ಬ್ರೇಕ್ ಪೂರ್ತಿ ತುಳಿದಾಗಲೂ ಮೊಣಕಾಲು ಕೊಂಚ ಮಡಚಿರಬೇಕು. ಹಾಗಿಲ್ಲವೆಂದರೆ ಕಾಲು ಎಟಕುವ ಇನ್ನೊಬ್ಬರು ಓಡಿಸಲಿ, ಇಲ್ಲವೇ ಗಾಡಿಯನ್ನು ಎತ್ತಿಸಿಕೊಂಡು ಬನ್ನಿ. ಏರ್ಕಾಡಿನ 20 ಹೇರ್‌ಪಿನ್ ತಿರುವು ಇಳಿದು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೈ ಹಾಕುವ ಮುನ್ನ

ಟಾರ್ಚ್ ಹಿಡಿದು ಸೀಟಿನಡಿ ನೋಡಿ. ರೈಲಿನ ಸಂದಿಯಲ್ಲಿ ನಾಣ್ಯ, ಪೆನ್ನಿನ ಮುಚ್ಚಳ, ಹುಣಸೆ ಬೀಜ, ಉರುಳಿಹೋದ ನೀರಿನ ಬಾಟಲಿ, ಏನು ಬೇಕಾದರೂ ಇರುತ್ತದೆ. ಆಮೇಲೆ ಗುಂಡಿ ಒತ್ತಿ ಕಿವಿಗೊಡಿ. ಮೋಟಾರು ಗುಯ್ಗುಟ್ಟಿ ಸೀಟು ಮಾತ್ರ ಕದಲದಿದ್ದರೆ ಕರೆಂಟಿನ ತಕರಾರಲ್ಲ, ಗೇರೋ ಕೇಬಲ್ಲೋ ಸವೆದಿದೆ. ಮೀಟರ್ ಒಳಗಿಡಿ.

ಎಂಟು ದಿಕ್ಕಿನ ಸೀಟಿಗೆ ಸಾಮಾನ್ಯವಾಗಿ ನಾಲ್ಕು ಮೋಟಾರು. ನಾಲ್ಕೂ ಒಟ್ಟಿಗೆ ಸುಮ್ಮನಾಗಿದ್ದರೆ ನಾಲ್ಕೂ ಸುಟ್ಟಿವೆ ಎಂದು ನಂಬಬೇಡಿ. ಫ್ಯೂಸು, ಮುಖ್ಯ ಅರ್ಥ್, ಸೀಟಿನಡಿಯ ದೊಡ್ಡ ಕಪ್ಲರ್, ಈ ಮೂರನ್ನು ನೋಡಿ. ಮುಂದೆ ಹೋಗುವ ಸೀಟು ಹಿಂದೆ ಬಾರದಿದ್ದರೆ ಮೊದಲ ಅನುಮಾನ ಸ್ವಿಚ್ಚಿನ ಮೇಲೆ. ಮೆಮೊರಿ ಇಲ್ಲದ ಸಾದಾ ಸೀಟಿನಲ್ಲಿ ಮೋಟಾರಿನ ಎರಡೂ ವೈರು ಸುಮ್ಮನಿರುವಾಗ ಸ್ವಿಚ್ಚಿನ ಮೂಲಕ ಅರ್ಥಿಗೆ ಸೇರಿರುತ್ತವೆ. ಗುಂಡಿ ಒತ್ತಿದಾಗ ಒಂದಕ್ಕೆ ಮಾತ್ರ ಬ್ಯಾಟರಿ ಕರೆಂಟು ಬರುತ್ತದೆ, ಇನ್ನೊಂದು ಅರ್ಥಿನಲ್ಲೇ ಉಳಿಯುತ್ತದೆ. ಸ್ವಿಚ್ಚಿನೊಳಗಿನ ಒಂದು ಪಾಯಿಂಟು ಕರಿಕಟ್ಟಿದರೆ ಸೀಟಿಗೆ ಒಂದೇ ದಾರಿ. ಮಾವಿನ ಕಾಲದಲ್ಲಿ ಬರುವ ಗಾಡಿಗಳ ಸ್ವಿಚ್ಚು ಬಿಚ್ಚಿ ನೋಡಿ, ರಸ ಒಣಗಿ ಅಂಟಾಗಿ ಕೂತಿರುತ್ತದೆ.

ಹತ್ತಾರು ಸಲ ಒತ್ತಿ ಒತ್ತಿ ನಿಂತುಹೋದ ಮೋಟಾರು ಸತ್ತಿದೆ ಎನ್ನಬೇಡಿ. ಕಾದಾಗ ತಾನೇ ಕಡಿದುಕೊಂಡು, ಆರಿದ ಮೇಲೆ ಕೂಡಿಕೊಳ್ಳುವ ರಕ್ಷೆ ಅನೇಕ ಮೋಟಾರುಗಳ ಒಳಗೇ ಇದೆ. ಬಿಸಿಲಲ್ಲಿ ನಿಂತ ಗಾಡಿಯಾದರೆ ಇನ್ನೂ ಬೇಗ ಕಾಯುತ್ತದೆ. ಆರಲು ಬಿಡಿ.

ಹಳದಿ ಕಪ್ಲರ್: ಮುಟ್ಟಬಾರದು

ಸೀಟಿನಡಿಯ ಹಳದಿ ಕಪ್ಲರ್ ಸೈಡ್ ಏರ್‌ಬ್ಯಾಗಿನದು, ಇಲ್ಲವೇ ಬೆಲ್ಟ್ ಬಿಗಿಯುವ ಸಾಧನದ್ದು. ಅದಕ್ಕೆ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ, ಮೀಟರನ್ನು ಓಮ್ಸ್‌ನಲ್ಲಿಟ್ಟು ಅಳೆಯಬೇಡಿ. ಆ ಸಣ್ಣ ಕರೆಂಟಿಗೂ ಬ್ಯಾಗು ಸಿಡಿಯುವ ಅಪಾಯವಿದೆ, ಮುಖ ಅಲ್ಲೇ ಇರುತ್ತದೆ. ಸೀಟು ಬಿಚ್ಚಲೇಬೇಕಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಆ ಮಾಡೆಲ್‌ನ ಕೈಪಿಡಿಯಲ್ಲಿ ಬರೆದಷ್ಟು ನಿಮಿಷ ಕಾಯಿರಿ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ಅಂದಾಜಿನಲ್ಲಿ ಹೋಗುವಂತಿಲ್ಲ. ಕಪ್ಲರ್ ಬಿಚ್ಚಿಟ್ಟು ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂತುಬಿಡುತ್ತದೆ, ಅಳಿಸಲು ಸ್ಕ್ಯಾನರ್ ಬೇಕು. ಅಲ್ಲೇ ಬೆಲ್ಟ್ ಎಚ್ಚರಿಕೆಯ ವೈರೂ ಇರಬಹುದು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಆ ಎಚ್ಚರಿಕೆ ಕಡ್ಡಾಯ. ಸದ್ದು ಕಿರಿಕಿರಿ ಎಂದು ಕಾರಿನವರು ಕೇಳಿಕೊಂಡರೂ ಅದನ್ನು ಕತ್ತರಿಸಕೂಡದು.

ಅಳೆಯುವುದು ಹೀಗೆ

ಮೊದಲು ಬ್ಯಾಟರಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. ಸೋತ ಬ್ಯಾಟರಿ ಇಟ್ಟುಕೊಂಡು ಸೀಟಿನ ಮೇಲೆ ತಪ್ಪು ಹೊರಿಸಬೇಡಿ.

ಮೋಟಾರಿನ ಕಪ್ಲರ್ ಬಿಚ್ಚಿ ಮೀಟರಿಟ್ಟು, 12 ವೋಲ್ಟ್ ಬಂತು, ಲೈನ್ ಸರಿಯಿದೆ ಎಂದು ಷರಾ ಬರೆಯಬೇಡಿ. ಈ ಕೆಲಸದಲ್ಲಿ ದುಡ್ಡು ಹಾಳಾಗುವುದೆಲ್ಲ ಇಲ್ಲೇ. ಒಂದೇ ಎಳೆ ಉಳಿದ ವೈರೂ ಖಾಲಿ ಮೀಟರಿಗೆ 12 ತೋರಿಸುತ್ತದೆ, ಮೋಟಾರು ಎಳೆದ ಕೂಡಲೇ ಕುಸಿಯುತ್ತದೆ. ಆದ್ದರಿಂದ ಕಪ್ಲರ್ ಸೇರಿಸಿಯೇ ಇಟ್ಟು, ಹಿಂಬದಿಯಿಂದ ಪ್ರೋಬ್ ತೂರಿಸಿ, ಒಬ್ಬರು ಗುಂಡಿ ಒತ್ತಿ ಹಿಡಿದಿರುವಾಗ ಮೋಟಾರಿನ ಎರಡು ವೈರುಗಳ ನಡುವೆ ಅಳೆಯಿರಿ. 11 ವೋಲ್ಟಿಗಿಂತ ಮೇಲಿದ್ದೂ ಮೋಟಾರು ಉಸಿರೆತ್ತದಿದ್ದರೆ ಆಗ ಮೋಟಾರನ್ನು ದೂರಿ. 6 ಅಥವಾ 7 ಬಂದರೆ ಉಳಿದ ವೋಲ್ಟು ದಾರಿಯಲ್ಲೆಲ್ಲೋ ಸೋರಿದೆ. ಗುಂಡಿ ಬಿಡದೆ, ಮೋಟಾರಿನ ಅರ್ಥ್ ಕಡೆಯ ವೈರಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ ನೋಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಸ್ವಿಚ್ಚು, ಅರ್ಥ್ ಬೋಲ್ಟು ಎರಡನ್ನೂ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಅಳೆಯಿರಿ.

ಅಳೆಯುವಾಗ ಸೀಟಿನಡಿ ಬೆರಳು ಬಿಡಬೇಡಿ. ಎಷ್ಟೋ ಗಾಡಿಗಳಲ್ಲಿ ಕೀ ತೆಗೆದರೂ ಸೀಟು ಓಡುತ್ತದೆ. ವೈರಿಗೆ ಗುಂಡುಪಿನ್ನು ಚುಚ್ಚಬೇಡಿ. ಮೆಮೊರಿ ಸೀಟಿನ ಸಪೂರ ವೈರುಗಳು ಸೀಟು ಎಲ್ಲಿದೆಯೆಂದು ತಿಳಿಸುವವು, ಅವಕ್ಕೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟರೆ ಮಾಡ್ಯೂಲ್ ಹೋಗುತ್ತದೆ.

ಫ್ಯೂಸು ಮತ್ತೆ ಮತ್ತೆ ಹಾರುತ್ತಿದ್ದರೆ 30 ಆಂಪಿಯರ್ ಜಾಗಕ್ಕೆ 40ರದ್ದು ತುರುಕಬಾರದು. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವವರು ಅಂಗಡಿಯ ಮೆಟ್ಟಿಲು ಹತ್ತುವುದೇ ಬೇಡ. ಸೀಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾ ವೈರಿಂಗ್ ಎಲ್ಲಿ ರೈಲಿಗೆ ಉಜ್ಜುತ್ತದೆ, ಎಲ್ಲಿ ಇಲಿ ಕಚ್ಚಿದೆ ಎಂದು ಹುಡುಕಿ.

ಗಾಡಿ ಕೊಡುವ ಮುನ್ನ ಸೀಟಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಬ್ಯಾಟರಿ ತೆಗೆದಿದ್ದರಿಂದ ಮೆಮೊರಿ ಅಳಿದಿದ್ದರೆ ಕೈಪಿಡಿಯಂತೆ ಮತ್ತೆ ಕಲಿಸಿ. ಎಂಟೂ ದಿಕ್ಕಿಗೆ ಕೊನೆಯವರೆಗೆ ಓಡಿಸಿ ನೋಡಿ, ಏರ್‌ಬ್ಯಾಗ್ ದೀಪ ಹತ್ತಿ ಆರಿದ್ದನ್ನು ಕಾರಿನವರಿಗೇ ತೋರಿಸಿ. ತೆಗೆದ ಹಳೇ ಸಾಮಾನು ಅವರ ಕೈಗೆ ಕೊಟ್ಟ ಮೇಲೆ ಬಿಲ್ ಬರೆಯಿರಿ.