ಹಳೇ ಟ್ರ್ಯಾಕ್ಟರಿಗೆ ಬಣ್ಣ ಹೊಡೆಸುವ ಮುನ್ನ

ಪಿಂಜೋರಿನ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿದ ಮೇಲೆ, ಆ ಟ್ರ್ಯಾಕ್ಟರಿನ ಹಳೆಯ ಬಾನೆಟ್ಟನ್ನು ಗುಜರಿಗೆ ಹಾಕದೆ ಟಿಂಕರಿಂಗ್ ಮಾಡಿಸಿ ಉಳಿಸಿಕೊಳ್ಳುವುದೇ ಜಾಣತನ. ತುಕ್ಕು ಹೆಚ್ಚಾಗಿ ಹಿಡಿಯುವುದು ಕಣ್ಣಿಗೆ ಬೀಳದ ಕಡೆ: ಆಸಿಡ್ ಚೆಲ್ಲುವ ಬ್ಯಾಟರಿಯ ಅಡಿ, ಗೊಬ್ಬರ-ಮಣ್ಣು ಮೆತ್ತುವ ಮಡ್‌ಗಾರ್ಡಿನ ಒಳಮೈ. ತೂತುಬಿದ್ದ ತಗಡನ್ನು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಬೇಕು. ಬರೀ ಪುಟ್ಟಿ ಮೆತ್ತಿದರೆ ಹೊಲದ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ, ಡೀಸೆಲ್ ಟ್ಯಾಂಕ್ ಕಳಚಿಡಬೇಕು. ಗ್ರೀಸನ್ನು ಥಿನ್ನರಿನಲ್ಲಿ ಒರೆಸಿ, ತಗಡು ಉಜ್ಜಿದ ದಿನವೇ ಪ್ರೈಮರ್ ಹೊಡೆಯಬೇಕು. ಚಿತ್ರದುರ್ಗ, ಹಿರಿಯೂರು ಕಡೆಯ ಆಷಾಢದ ಗಾಳಿ ಗುಡ್ಡದ ಗಾಳಿಯಂತ್ರಗಳಿಗೆ ಒಳ್ಳೆಯದು, ಹಸಿ ಬಣ್ಣಕ್ಕಲ್ಲ. ಆಗ ಬಯಲಲ್ಲಿ ಕೆಲಸ ಬೇಡ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಮೂರು ಪದರ ಬಾಳಿಕೆ ಬರುತ್ತವೆ. ಚಾಸಿ ನಂಬರಿನ ಮೇಲೆ ಟೇಪ್ ಅಂಟಿಸಿರಬೇಕು. ಬಣ್ಣವನ್ನೇ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕಾಗುತ್ತದೆ.