ಟೈರಿನ ಅಗಲ: ರೇಸ್ ಕಾರು ಕಟ್ಟಲು ಬಂದ ಹೊಸಬರಿಗೆ

ನವಿ ಮುಂಬಯಿಯ ಕೋಪರಖೈರಣೆ ಸ್ಟೇಷನ್ನಿನಿಂದ ಹೊರಗೆ ಬಂದರೆ ರಿಕ್ಷಾಗಳ ಸಾಲು. ಕಾಲೇಜಿನ ರೇಸ್ ಕಾರು ತಂಡಕ್ಕೆ ಹೊಸದಾಗಿ ಸೇರಿದವರಿಗೆ ನನ್ನ ಮೊದಲ ಪಾಠ ಅಲ್ಲೇ ನಡೆಯುತ್ತದೆ. ಬಗ್ಗಿ, ರಿಕ್ಷಾ ಟೈರಿನ ಪಕ್ಕದಲ್ಲಿ ಏನು ಬರೆದಿದೆ ಓದಿ ಎನ್ನುತ್ತೇನೆ. ‘ಕಾಯ್ ಝಾಲಾ ಸರ್, ಪಂಕ್ಚರ್ ಆಹೆ ಕಾ?’ (ಏನಾಯ್ತು ಸರ್, ಪಂಕ್ಚರಾ?) ಎಂದು ಚಾಲಕರು ಇಳಿದು ಬರುತ್ತಾರೆ. ಧೂಳು ಒರೆಸಿದರೆ 4.00-8 ಎಂಬ ಅಂಕಿ ಕಾಣುತ್ತದೆ. ಟೈರಿನ ಅಗಲ ಸುಮಾರು 4 ಇಂಚು, ರಿಮ್ಮಿನ ವ್ಯಾಸ 8 ಇಂಚು. ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಯ ನಿಯಮ ಪುಸ್ತಕದಲ್ಲಿ ಚಕ್ರದ ಕನಿಷ್ಠ ವ್ಯಾಸ 203.2 ಮಿಲಿಮೀಟರ್ ಎಂದಿದೆ. ಅದೂ 8 ಇಂಚೇ. ರಿಕ್ಷಾ ಚಕ್ರದಷ್ಟು ಪುಟ್ಟ ಚಕ್ರ ಹಾಕಿದರೂ ಆ ಒಂದು ನಿಯಮದ ಮಟ್ಟಿಗೆ ಕಾರು ಪಾಸು! ಇದನ್ನು ಕೇಳಿದ ಮೇಲೆ ಹುಡುಗರ ಮುಖದಲ್ಲಿದ್ದ ಫಾರ್ಮುಲಾ ಒನ್ ಕನಸು ಸ್ವಲ್ಪ ನೆಲಕ್ಕಿಳಿಯುತ್ತದೆ.

ಮುಂದಿನದು ಪಕ್ಕದಲ್ಲಿ ನಿಂತ ಹಳೆಯ ಆಲ್ಟೊ. ಅದರ ಟೈರಿನ ಮೇಲೆ 145/80 ಆರ್ 12. ಇಲ್ಲಿ 145 ಎಂದರೆ ಟೈರಿನ ಹೊಟ್ಟೆಯ ಅಗಲ, ಮಿಲಿಮೀಟರಿನಲ್ಲಿ. ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 80. ರಿಮ್ 12 ಇಂಚು. ನಾವು ಕೊಳ್ಳುವ ಸ್ಲಿಕ್, ಅಂದರೆ ಗೀರುಗಳಿಲ್ಲದ ಬೋಳು ರೇಸ್ ಟೈರಿನ ಮೇಲೆ 18.0×6.0-10 ಎಂದಿರುತ್ತದೆ. ಮೊದಲನೆಯದು ಟೈರಿನ ಒಟ್ಟು ವ್ಯಾಸ, ಎರಡನೆಯದು ನೆಲಕ್ಕೆ ತಾಗುವ ಪಟ್ಟಿಯ ಅಗಲ, ಮೂರನೆಯದು ರಿಮ್ಮಿನ ವ್ಯಾಸ, ಎಲ್ಲವೂ ಇಂಚು. 6 ಇಂಚೆಂದರೆ 152 ಮಿಲಿಮೀಟರ್, ಹಾಗಾದರೆ ಇದೂ ಆಲ್ಟೊ ಟೈರೂ ಹೆಚ್ಚುಕಡಿಮೆ ಒಂದೇ ಎಂದು ಲೆಕ್ಕ ಹಾಕಬೇಡಿ. ಅಲ್ಲಿ ಅಳೆದದ್ದು ಹೊಟ್ಟೆಯನ್ನು, ಇಲ್ಲಿ ಪಾದವನ್ನು.

ಸ್ಪರ್ಧೆಯ ಬಗ್ಗೆ ನಾಲ್ಕು ಮಾತು. 1981ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಇವತ್ತು ಹಲವು ದೇಶಗಳಲ್ಲಿ ಫಾರ್ಮುಲಾ ಸ್ಟೂಡೆಂಟ್ ಎಂಬ ಹೆಸರಿನಲ್ಲಿ ನಡೆಯುತ್ತದೆ. ನಮ್ಮಲ್ಲಿ ಫಾರ್ಮುಲಾ ಭಾರತ್ ಇದೆ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಮುಂಬಯಿಯಲ್ಲಿ ಸೋಮಯ್ಯ ಕಾಲೇಜಿನ ಓರಿಯನ್, ಐಐಟಿ ಬಾಂಬೆ ರೇಸಿಂಗ್ ಎಲ್ಲ ಈ ದಾರಿಯಲ್ಲಿ ಬಹಳ ಮುಂದೆ ಹೋದ ತಂಡಗಳು. ನವಿ ಮುಂಬಯಿಯಿಂದ ಕಾರನ್ನು ಟೆಂಪೊಗೆ ಹೇರಿಕೊಂಡು ಹೊರಟರೆ ಕೊಲ್ಹಾಪುರ ದಾಟಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಎಂದು ಇಡೀ ಕರ್ನಾಟಕವನ್ನು ಉದ್ದಕ್ಕೆ ಸೀಳಿಕೊಂಡೇ ಕೊಯಮತ್ತೂರು ಸೇರಬೇಕು. ನಮ್ಮವರಿಗೆ ದಾರಿಯುದ್ದಕ್ಕೂ ನೆಂಟರ ಮನೆ ಊಟ ಸಿಗುವುದು ಬೇರೆ ಲಾಭ.

ಒಟ್ಟು 1000 ಅಂಕ. ಅದರಲ್ಲಿ 675 ಕಾರು ಓಡಿ ಗಳಿಸುವುದು, ಉಳಿದ 325 ತೀರ್ಪುಗಾರರ ಎದುರು ನಿಂತು ನಿಮ್ಮ ವಿನ್ಯಾಸ, ಖರ್ಚು, ವ್ಯವಹಾರ ಯೋಜನೆ ಒಪ್ಪಿಸಿ ಗಳಿಸುವುದು. ‘ಈ ಅಗಲದ ಟೈರು ಯಾಕೆ?’ ಎಂಬುದು ವಿನ್ಯಾಸದ ತೀರ್ಪುಗಾರರ ಮಾಮೂಲಿ ಪ್ರಶ್ನೆ. ‘ಸೀನಿಯರ್‌ಗಳು ಅದನ್ನೇ ಹಾಕಿದ್ದರು’ ಎಂಬುದು ನಮ್ಮವರ ಮಾಮೂಲಿ ಉತ್ತರ.

ಮೊದಲ ವಾರದಲ್ಲೇ ತರಗತಿಯಲ್ಲಿ ಎರಡು ಪಕ್ಷಗಳಾಗುತ್ತವೆ. ‘ಸರ್, ಅಗಲ ಹೆಚ್ಚಾದರೆ ಹಿಡಿತ ಹೆಚ್ಚು, ಇದರಲ್ಲಿ ಯೋಚನೆ ಮಾಡೋದು ಏನಿದೆ?’ ಎಂದು ಒಬ್ಬ. ‘ಘರ್ಷಣೆಗೂ ತಾಗುವ ಜಾಗದ ವಿಸ್ತೀರ್ಣಕ್ಕೂ ಸಂಬಂಧವಿಲ್ಲ ಅಂತ ಹೈಸ್ಕೂಲಿನಲ್ಲೇ ಓದಿದ್ದೇವಲ್ಲ ಸರ್’ ಎಂದು ಇನ್ನೊಬ್ಬಳು. ಅರ್ಧರ್ಧ ಇಬ್ಬರೂ ಸರಿ. ಪುಸ್ತಕದ ನಿಯಮ ಮರದ ತುಂಡಿಗೆ, ಕಬ್ಬಿಣಕ್ಕೆ ಒಪ್ಪುತ್ತದೆ. ರಬ್ಬರು ಅಷ್ಟು ವಿಧೇಯ ವಸ್ತುವಲ್ಲ.

ಇದಕ್ಕೆ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಆಟ ಇದೆ. ಹಳೆಯ ಟೈರಿನ ಒಂದು ತುಂಡನ್ನು ಕಾಂಕ್ರೀಟ್ ನೆಲದ ಮೇಲಿಟ್ಟು, ಮೇಲೆ ತೂಕದ ಕಲ್ಲು ಹೇರಿ, ವಿಮಾನಕ್ಕೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಯಿಂದ ಎಳೆಯುವುದು. ಜಾರಲು ಶುರುವಾದಾಗ ತಕ್ಕಡಿ ಎಷ್ಟು ತೋರಿಸಿತು ಬರೆದುಕೊಳ್ಳುವುದು. ತೂಕವನ್ನು ಎರಡು ಪಟ್ಟು ಮಾಡಿದರೆ ಎಳೆತವೂ ಹೆಚ್ಚುತ್ತದೆ, ಆದರೆ ಪೂರ್ತಿ ಎರಡು ಪಟ್ಟಾಗುವುದಿಲ್ಲ. ಕೈ ನಡುಗಿ, ನೆಲದ ಧೂಳು ಸೇರಿ, ಅಂಕಿ ಆಚೀಚೆ ಆಗುತ್ತದೆ. ಹತ್ತು ಸಲ ಎಳೆದು ಸರಾಸರಿ ತೆಗೆಯಬೇಕು. ರಬ್ಬರಿನ ಮೇಲೆ ಭಾರ ಏರಿದಷ್ಟೂ ಒಂದೊಂದು ಕಿಲೋ ಭಾರಕ್ಕೆ ಅದು ಕೊಡುವ ಹಿಡಿತ ಇಳಿಯುತ್ತಾ ಹೋಗುತ್ತದೆ. ಅಗಲದ ಕಥೆಯೆಲ್ಲ ಇಲ್ಲಿಂದಲೇ ಹುಟ್ಟುವುದು.

ಈಗ ಕಾರಿಗೆ ಬನ್ನಿ. ಚಾಲಕ ಸೇರಿ 280 ಕೆಜಿ ಎಂದಿಟ್ಟುಕೊಳ್ಳಿ. ನಿಂತಾಗ ಒಂದೊಂದು ಟೈರಿನ ಮೇಲೆ 70 ಕೆಜಿ. ತೂಕದ ಕೇಂದ್ರ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ 120 ಸೆಂಟಿಮೀಟರ್ ಇದೆ, ಕಾರು 1.3 ಜಿ ವೇಗೋತ್ಕರ್ಷದಲ್ಲಿ ತಿರುಗುತ್ತಿದೆ. 280ನ್ನು 1.3ರಿಂದ, ಅದನ್ನು 30ರಿಂದ ಗುಣಿಸಿ 120ರಿಂದ ಭಾಗಿಸಿದರೆ 91. ಅಷ್ಟು ಕೆಜಿ ಒಳಗಿನ ಎರಡು ಟೈರುಗಳಿಂದ ಹೊರಗಿನ ಎರಡಕ್ಕೆ ದಾಟುತ್ತದೆ. ಹಿಂದೆ ಮುಂದೆ ಸಮವಾಗಿ ಹಂಚಿದರೆ ಹೊರಗಿನ ಟೈರಿನ ಮೇಲೆ ಸುಮಾರು 115, ಒಳಗಿನದರ ಮೇಲೆ ಬರೀ 25. ಬಸ್ಸು ತಿರುಗಿದಾಗ ನಿಂತವರೆಲ್ಲ ಒಂದೇ ಬದಿಯ ಕಾಲಿನ ಮೇಲೆ ಭಾರ ಹಾಕುತ್ತಾರಲ್ಲ, ಹಾಗೆ.

ಪಾಠಕ್ಕಾಗಿ ಅಂಕಿ ಕಲ್ಪಿಸಿಕೊಳ್ಳೋಣ. 70 ಕೆಜಿ ಭಾರದಲ್ಲಿ ಟೈರು ಒಂದೂವರೆ ಪಟ್ಟು ಹಿಡಿಯುತ್ತದೆ, 115ರಲ್ಲಿ 1.4 ಪಟ್ಟು, 25ರಲ್ಲಿ 1.6 ಪಟ್ಟು. ಭಾರ ಸಮವಾಗಿದ್ದಿದ್ದರೆ ಎರಡೂ ಟೈರು ಸೇರಿ 210 ಕೆಜಿ ಹಿಡಿತ. ತಿರುವಿನಲ್ಲಿ 161 ಮತ್ತು 40, ಒಟ್ಟು 201. ಒಂಬತ್ತು ಕೆಜಿ ಎಲ್ಲಿಗೂ ಹೋಗದೆ ಮಾಯ! ಅಗಲದ ಟೈರಿನಲ್ಲಿ ಈ ಇಳಿಕೆ ನಿಧಾನ, 115ರಲ್ಲಿ 1.4ರ ಬದಲು 1.45 ಸಿಕ್ಕಿದರೆ ಆರು ಕೆಜಿ ಹತ್ತಿರ ವಾಪಸು ಬಂತು. ಅಗಲದ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದು. ಆದರೆ ತೂಕದ ಕೇಂದ್ರವನ್ನು ಎರಡು ಸೆಂಟಿಮೀಟರ್ ಕೆಳಗಿಳಿಸಿದರೂ, ಕಾರಿನ ತೂಕ ಕಡಿಮೆ ಮಾಡಿದರೂ ಇದೇ ಖಾತೆಗೆ ಜಮಾ ಆಗುತ್ತದೆ ಎಂಬುದನ್ನು ಟೈರು ಕೊಳ್ಳುವ ಉತ್ಸಾಹದಲ್ಲಿ ಮರೆಯುವವರೇ ಹೆಚ್ಚು.

ಇನ್ನು ನೆಲಕ್ಕೆ ತಾಗುವ ಪಾದ. ಟೈರಿಗೆ ಪೋಸ್ಟರ್ ಬಣ್ಣ ಬಳಿದು, ಕೆಳಗೆ ಚೌಕುಳಿ ಹಾಳೆ ಹಾಸಿ, ಜಾಕ್ ಮೇಲಿನ ಕಾರನ್ನು ಮೆಲ್ಲಗೆ ಇಳಿಸಿ ಮತ್ತೆ ಎತ್ತಿದರೆ ಅಚ್ಚು ಸಿಗುತ್ತದೆ. ಅಚ್ಚೊತ್ತುವ ಮೊದಲು ಊಹೆ ಮಾಡಿ. 70 ಕೆಜಿ ಭಾರ, 12 ಪಿಎಸ್‌ಐ ಗಾಳಿ. ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ಸುಮಾರು 83 ಚದರ ಸೆಂಟಿಮೀಟರ್. 6 ಇಂಚು ಅಗಲದ ಟೈರಿನಲ್ಲಿ ಪಾದದ ಉದ್ದ ಐದೂವರೆ ಸೆಂಟಿಮೀಟರ್ ಹತ್ತಿರ. ಏಳೂವರೆ ಇಂಚಿನದರಲ್ಲಿ ನಾಲ್ಕೂವರೆಗೂ ಕಡಿಮೆ. ವಿಸ್ತೀರ್ಣ ಎರಡರಲ್ಲೂ ಒಂದೇ! ಟೈರಿನ ಸ್ವಂತ ಗಡಸುತನವೂ ಒಂದಿಷ್ಟು ಭಾರ ಹೊರುವುದರಿಂದ ಅಚ್ಚು ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ, ಆದರೆ ಒಲವು ಇದೇ. ಬರೀ ಅಗಲದ ಟೈರು ತಂದು ಅದೇ ಗಾಳಿ ತುಂಬಿದರೆ ಪಾದದ ಆಕಾರ ಬದಲಾಯಿತೇ ಹೊರತು ಪಾದ ದೊಡ್ಡದಾಗಲಿಲ್ಲ. ಅಗಲದ ಟೈರು, ಅದಕ್ಕೆ ತಕ್ಕ ಅಗಲದ ರಿಮ್ಮು ಎರಡೂ ಇದ್ದಾಗ ಪಕ್ಕದ ಗೋಡೆ ಮಡಚಿಕೊಳ್ಳದೆ ಗಾಳಿ ಇಳಿಸಬಹುದು. ಲಾಭ ಆಗ ಬರುವುದು.

ಗಾಳಿ ಇಳಿಸಿ, ಅಗಲ ಹೆಚ್ಚಿಸಿ, ಮುಗಿಯಿತಲ್ಲ? ಮುಗಿಯಲಿಲ್ಲ. ಒಂದು ವರ್ಷ ನಾನೇ ಸಹಿ ಹಾಕಿ ಹಿಂದಿನ ಚಕ್ರಗಳಿಗೆ ಏಳೂವರೆ ಇಂಚಿನವನ್ನು ತರಿಸಿದ್ದೆ. ನೋಡಲು ಎಂಥ ಠೀವಿ! ಹುಡುಗರು ದಿನಕ್ಕೆ ನಾಲ್ಕು ಸಲ ಫೋಟೊ ತೆಗೆದರು. ಬೆಳಗಿನ ತಂಪಿನಲ್ಲಿ ಮೊದಲ ಓಟ. ಎರಡನೇ ತಿರುವಿನಲ್ಲೇ ಹಿಂಭಾಗ ಜಾರಿ ಕಾರು ಗಿರ್ರನೆ ತಿರುಗಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ವಾಪಸು ಬಂದಾಗ ಟೈರಿನ ಮೇಲೆ ಅಂಗೈ ಇಟ್ಟೆ. ಚಹಾ ಆರಿದ ಗ್ಲಾಸಿನಷ್ಟೂ ಬಿಸಿ ಇರಲಿಲ್ಲ. ರೇಸ್ ಟೈರಿನ ಮೆದು ರಬ್ಬರು ಹಿಡಿಯುವುದು ಕಾದ ಮೇಲೆ. ಕಾಯುವುದು ಭಾರ ಬಿದ್ದು, ಜಾರಿ, ನಲುಗಿ. ಹಗುರ ಕಾರಿಗೆ ಅಗಲದ ಟೈರು ಹಾಕಿದರೆ ಅಷ್ಟೇ ಶಾಖ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ. ಇಬ್ಬರ ಅನ್ನಕ್ಕೆ ಮದುವೆ ಮನೆಯ ಕೊಪ್ಪರಿಗೆ ಒಲೆ ಮೇಲಿಟ್ಟ ಹಾಗೆ. ಟೈರನ್ನು ಮೊದಲೇ ಕಾಯಿಸುವ ಹೊದಿಕೆಗೆ ಈ ಸ್ಪರ್ಧೆಯಲ್ಲಿ ಅನುಮತಿ ಇಲ್ಲ. 22 ಕಿಲೋಮೀಟರಿನ ದೀರ್ಘ ಓಟದಲ್ಲಾದರೆ ಕೆಲವು ಸುತ್ತುಗಳಲ್ಲಿ ಟೈರು ಕಾದುಬಿಡುತ್ತದೆ. ಆಟೊಕ್ರಾಸ್ ಎಂಬುದು ಒಂದೇ ಸುತ್ತು, 75 ಮೀಟರ್ ನೇರ ಓಟ ಕೆಲವೇ ಸೆಕೆಂಡು. ಅಲ್ಲಿ ಕಾಯಲು ಪುರುಸೊತ್ತೆಲ್ಲಿ?

ಆಮೇಲಿನಿಂದ ನಾವು ಟೈರಿಗೆ ಚುಚ್ಚಿ ಅಳೆಯುವ ಸೂಜಿ ಥರ್ಮಾಮೀಟರ್ ಇಟ್ಟುಕೊಂಡಿದ್ದೇವೆ. ಓಟ ಮುಗಿದ ಕೂಡಲೇ ಒಳ ಅಂಚು, ನಡು, ಹೊರ ಅಂಚು, ಮೂರು ಕಡೆ. ಪಿಸ್ತೂಲಿನಂಥ ಇನ್‌ಫ್ರಾರೆಡ್ ಮೀಟರು ಮೇಲ್ಮೈಯನ್ನಷ್ಟೇ ಓದುತ್ತದೆ, ಅದು ನಿಮಿಷದೊಳಗೆ ಆರಿರುತ್ತದೆ. ನಡು ಮಾತ್ರ ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ. ಒಳ ಅಂಚು ಮಾತ್ರ ಬಿಸಿಯಿದ್ದರೆ ಚಕ್ರ ಒಳಕ್ಕೆ ವಾಲಿದ್ದು ಹೆಚ್ಚಾಗಿದೆ. ದುಡ್ಡು ಕೊಟ್ಟು ತಂದ ಅಗಲದಲ್ಲಿ ಅರ್ಧ ನೆಲವನ್ನೇ ಮುಟ್ಟುತ್ತಿಲ್ಲ. ಅಗಲದ ಟೈರು ಈ ವಾಲುವಿಕೆಯ ವಿಷಯದಲ್ಲಿ ಬಲು ಮುನಿಸಿನದು. ಸಸ್ಪೆನ್ಷನ್ ಚೆನ್ನಾಗಿ ಮಾಡಲು ಬರದ ತಂಡಕ್ಕೆ ಕಿರಿದಾದದ್ದೇ ಕ್ಷೇಮ.

ಶಕ್ತಿಯ ಲೆಕ್ಕವೂ ನೋಡಿ. ನಮ್ಮಲ್ಲಿ ಬಹಳ ತಂಡಗಳು ಕೆಟಿಎಂ 390ರ 373 ಸಿಸಿ ಎಂಜಿನ್ ಹಾಕುತ್ತವೆ, ಅದರ ಉಸಿರಾಟಕ್ಕೂ ನಿಯಮದಂತೆ 20 ಮಿಲಿಮೀಟರ್ ಕಿಂಡಿ. ಈ ಎಂಜಿನ್ನಿನ ಬಲಕ್ಕೆ ಹಿಂದಿನ ಟೈರನ್ನು ಸುಟ್ಟು ಹೊಗೆ ಎಬ್ಬಿಸುವ ಯೋಗ ಹೆಚ್ಚೇನಿಲ್ಲ. ಎಂಟರ ಆಕಾರದ ಸ್ಕಿಡ್‌ಪ್ಯಾಡ್ ಓಟದಲ್ಲಿ ಒಳವೃತ್ತದ ವ್ಯಾಸ 15.25 ಮೀಟರ್, ಒಂದು ಸುತ್ತಿಗೆ 5.2 ಸೆಕೆಂಡ್ ಹಿಡಿದರೆ ವೇಗ ಗಂಟೆಗೆ 37 ಕಿಲೋಮೀಟರ್ ಆಸುಪಾಸು. ಠಾಣೆ-ಬೇಲಾಪುರ ರಸ್ತೆಯಲ್ಲಿ ರಿಕ್ಷಾ ಇದಕ್ಕಿಂತ ಜೋರಾಗಿ ಹೋಗುತ್ತದೆ. ರೆಕ್ಕೆ ಕಟ್ಟಿದ್ದರೂ ಆ ವೇಗದಲ್ಲಿ ಗಾಳಿ ಕಾರನ್ನು ನೆಲಕ್ಕೆ ಒತ್ತುವುದು ಅಷ್ಟಕ್ಕಷ್ಟೇ. ಮೇಲೆ ಭಾರ ಬರುವುದಿಲ್ಲವೆಂದ ಮೇಲೆ ಅಗಲದ ಟೈರಿಗೆ ಉದ್ಯೋಗವೇನು? ದೊಡ್ಡ ರೆಕ್ಕೆ, ನಾಲ್ಕು ಸಿಲಿಂಡರಿನ 600 ಸಿಸಿ ಎಂಜಿನ್, ಅಥವಾ ಬ್ಯಾಟರಿ ಹೊತ್ತ ಭಾರದ ವಿದ್ಯುತ್ ಕಾರು, ಇವಕ್ಕೆ ಉತ್ತರ ಬೇರೆಯೇ ಬರಬಹುದು.

ಮಿಕ್ಕ ಸಂಗತಿಗಳು ಬೇಗ. ಅಗಲವಾದಷ್ಟು ಟೈರು ರಿಮ್ಮು ಎರಡೂ ಭಾರ, ಸ್ಟೀರಿಂಗ್ ಬಿಗಿ. ಕಾರಿನ ಒಟ್ಟು ಅಗಲ ಹೆಚ್ಚಿದರೆ ಓಟದ ದಾರಿ ಗುರುತಿಸಲು ಇಟ್ಟ ಕೋನ್ ತಾಗುವುದೂ ಹೆಚ್ಚು. ಆಟೊಕ್ರಾಸಿನಲ್ಲಿ ಒಂದು ಕೋನ್ ಬಿತ್ತೆಂದರೆ ಎರಡು ಸೆಕೆಂಡ್ ದಂಡ, ಅದರ ಮುಂದೆ ಟೈರು ಉಳಿಸಿಕೊಟ್ಟ ಸೆಕೆಂಡಿನ ಚೂರು ಯಾವ ಲೆಕ್ಕಕ್ಕೂ ಇಲ್ಲ. 10 ಇಂಚಿನ ರಿಮ್ಮಿನೊಳಗೆ ಬ್ರೇಕ್ ಡಿಸ್ಕ್, ಕ್ಯಾಲಿಪರ್, ಸಸ್ಪೆನ್ಷನ್ನಿನ ಕೀಲು ಎಲ್ಲ ಹಿಡಿಸಬೇಕು, ಬೆರಳು ತೂರುವಷ್ಟಾದರೂ ಸಂದು ಉಳಿಯಬೇಕು. ಮಳೆಗೆ ಬೇರೆ ಟೈರು, ಗೀರುಗಳಿರುವುದು. ನೀರಿನ ಮೇಲೆ ಅಗಲದ್ದು ತೇಲುತ್ತದೆ, ಕಿರಿದು ಸೀಳಿಕೊಂಡು ಹೋಗುತ್ತದೆ. ಜುಲೈಯಲ್ಲಿ ಕೋಪರಖೈರಣೆಯ ತೀನ್ ಟಾಕಿ ಹತ್ತಿರ ನಿಂತ ನೀರಿನಲ್ಲಿ ರಿಕ್ಷಾ ಹೋಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಹೆಯ ಅಂಕಿಗಳಿಂದ ಪಾಠ ನಡೆಯುತ್ತದೆ, ಕಾರು ನಡೆಯುವುದಿಲ್ಲ. ನಿಜವಾದ ಅಂಕಿಗೆ ಎಫ್‌ಎಸ್‌ಎಇ ಟೈರ್ ಟೆಸ್ಟ್ ಕನ್ಸಾರ್ಷಿಯಂ ಇದೆ. ಅಮೆರಿಕದ ಬಫಲೊ ನಗರದ ಕ್ಯಾಲ್‌ಸ್ಪ್ಯಾನ್ ಪ್ರಯೋಗಾಲಯದಲ್ಲಿ ಹೂಸಿಯರ್ ಮುಂತಾದ ಕಂಪನಿಗಳ ಟೈರುಗಳನ್ನು ಓಡುವ ಬೆಲ್ಟಿನ ಮೇಲೆ ಒತ್ತಿ, ಓರೆ ಮಾಡಿ, ವಾಲಿಸಿ ಅಳೆದ ದತ್ತಾಂಶ, ಸದಸ್ಯ ಕಾಲೇಜುಗಳಿಗೆ ಮಾತ್ರ. ಮೊದಲು ತೆರೆದಾಗ ಹಿಡಿತದ ಅಂಕಿ ನೋಡಿ ಹುಡುಗರು ಕುಣಿದಾಡುತ್ತಾರೆ. ಆ ಬೆಲ್ಟು ಉಪ್ಪುಕಾಗದದಂತೆ ತರಿತರಿ; ನಮ್ಮ ಡಾಂಬರಿಗೆ ತರುವಾಗ ಮೂರರಲ್ಲಿ ಎರಡು ಪಾಲು ಎಂದು ಹಿಡಿಯುವುದು ವಾಡಿಕೆ. ನಿಮ್ಮ ಕಾರಿನ ಭಾರ ಎಷ್ಟರಿಂದ ಎಷ್ಟಕ್ಕೆ ಓಲಾಡುತ್ತದೆಯೋ, ಆ ಎರಡು ಗೆರೆಗಳ ನಡುವೆ ಆರು ಇಂಚಿನದರ ವಕ್ರರೇಖೆಯನ್ನೂ ಏಳೂವರೆಯದನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ನಮ್ಮ ಹಗುರ ಕಾರಿನ ಭಾರದಲ್ಲಿ ಎರಡು ಗೆರೆಗಳು ಬಹುಮಟ್ಟಿಗೆ ಒಂದನ್ನೊಂದು ತಬ್ಬಿಕೊಂಡೇ ಇದ್ದವು.

ಹಾಗಾಗಿ ಮೊದಲ ಕಾರು ಕಟ್ಟುವವರು ಕೇಳಿದರೆ, ಒಂಟಿ ಸಿಲಿಂಡರು, 10 ಇಂಚಿನ ರಿಮ್ಮು, ನಾಲ್ಕೂ ಕಡೆ ಆರು ಇಂಚಿನ ಟೈರು ಎನ್ನುತ್ತೇನೆ. ನಾಲ್ಕೂ ಒಂದೇ ಆದರೆ ಹಿಂದಿನದನ್ನು ಮುಂದೆ ಹಾಕಬಹುದು, ಹೆಚ್ಚುವರಿ ಟೈರಿನ ಖರ್ಚೂ ಅರ್ಧ. ಹೊರದೇಶದಿಂದ ಬರಬೇಕಾದ ಸರಕು, ಕಸ್ಟಮ್ಸ್ ದಾಟಿ ಕೈಸೇರಲು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ನಮ್ಮ ವರ್ಕ್‌ಶಾಪಿನ ಬಿಳಿ ಹಲಗೆಯ ಮೇಲ್ತುದಿಯಲ್ಲಿ ಟೈರಿನ ಅಳತೆ ಬರೆದಾಗದೆ ಚಾಸಿಸ್ಸಿಗೆ ಒಂದು ಪೈಪೂ ಕತ್ತರಿಸಲು ಬಿಡುವುದಿಲ್ಲ. ಈ ಸಲದ ಹಲಗೆಯ ಮೇಲೆ ಬರೆದಿರುವುದು 18.0×6.0-10. ಅದರ ಪಕ್ಕದಲ್ಲಿ ಯಾರೋ ಸಣ್ಣದಾಗಿ 4.00-8 ಎಂದೂ ಗೀಚಿದ್ದಾರೆ.